ದ್ರಾಕ್ಷಿ ತೋಟದಲ್ಲಿ ಕೇಳಿದ ದನಿ

ದೆವ್ವ, ಅಶರೀರವಾಣಿ, ಯಾರೋ ಕಿವಿಯಲ್ಲಿ ಉಸುರಿದರು ಎನ್ನುವಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ಶುರು ಮಾಡಿದರೆ, "ಆಗ ಗಂಟೆ ಎಷ್ಟು? ಜೊತೆಗೆ ಯಾರಿದ್ದರು? ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಆಗಿತ್ತಾ?" ಎಂದು ಅಡ್ಡಪ್ರಶ್ನೆ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ಅದೇ ಪ್ರಶ್ನೆಗಳನ್ನು ನೀವು ನನಗೆ ಹಾಕಬಹುದು. ಬೆಳಗಿನ ಹನ್ನೊಂದು ಗಂಟೆ. ಜೊತೆಗೆ ಯಾರೂ ಇರಲಿಲ್ಲ. ನಿದ್ದೆ ಚೆನ್ನಾಗಿ ಆಗಿತ್ತು. ಇಷ್ಟು ಹೇಳಿದ ಮೇಲೂ ನನ್ನ ಕಥೆಯನ್ನು ನೀವು ನಂಬಬೇಕೆಂದು ನಾನು ಹಟ ಮಾಡುವುದಿಲ್ಲ, ಯಾಕೆಂದರೆ ನನಗೇ ಅದನ್ನು ಪೂರ್ತಿ ನಂಬಲು ಆಗಿಲ್ಲ.

ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು. ತವರು ಮಂಡ್ಯದ ಕಡೆ. ಅನುಮಾನ ನನ್ನ ಹುಟ್ಟುಗುಣ. ಪರೀಕ್ಷೆಯ ಕೊಠಡಿಗೆ ನಾನು ಕಾಲಿಟ್ಟರೆ ಮಕ್ಕಳು ತಾವಾಗಿಯೇ ಚೀಟಿಗಳನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದರು ಎಂದು ಹೆಡ್ ಮಾಸ್ಟರು ಎಲ್ಲರ ಮುಂದೆ ಹೇಳಿ ನಗುತ್ತಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಈ ಗುಣ ಇನ್ನಷ್ಟು ಬಲಿಯಿತು. ನಮ್ಮ ಮನೆಯವರದು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಕಡೆಯ ಕುಟುಂಬ, ಮನೆಮಾತು ತೆಲುಗು. ನನ್ನ ಜೊತೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಆದರೆ ಮಧ್ಯೆ ಯಾವಾಗಲೋ, ಅಡುಗೆಮನೆಯಲ್ಲಿ ನಾನು ಬೆನ್ನು ತಿರುಗಿಸಿದಾಗ, ತೆಲುಗಿಗೆ ಜಾರಿಬಿಡುತ್ತಿದ್ದರು. ಆಗೆಲ್ಲ ಅವರು ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ನನಗೆ ಖಾತ್ರಿ. ಆ ಸಿಟ್ಟಿಗೇ ಇಪ್ಪತ್ತೇಳು ವರ್ಷ ಆ ಭಾಷೆ ಕಲಿಯಲಿಲ್ಲ. ಊಟದ ಮನೆಯ ನಾಲ್ಕು ಪದ ಬರುತ್ತಿತ್ತು: ನೀಳ್ಳು ಅಂದರೆ ನೀರು, ಚಾಲು ಅಂದರೆ ಸಾಕು, ಇಂಕೊಂಚಂ ಅಂದರೆ ಇನ್ನೊಂಚೂರು. ಅದಕ್ಕಿಂತ ಹೆಚ್ಚು ನನಗೆ ಬೇಕಾಗಿಯೂ ಇರಲಿಲ್ಲ.

ನಮ್ಮ ಮನೆಯವರು ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯ ವರ್ಷವೇ ರಕ್ತದೊತ್ತಡ ಏರಿತು. ಡಾಕ್ಟರು ಮೂರು ಮಾತು ಹೇಳಿದರು: ಮಾತ್ರೆ ತಪ್ಪಿಸಬೇಡಿ, ದಿನಾ ನಡೆಯಿರಿ ಇಲ್ಲ ಸೈಕಲ್ ತುಳಿಯಿರಿ, ಎಣ್ಣೆ ಮುಟ್ಟಬೇಡಿ. ಈ ಮೂರನೆಯದು ಅಡುಗೆ ಎಣ್ಣೆಯಲ್ಲ ಎಂದು ಗೊತ್ತಾಗಲು ನನಗೆ ಒಂದು ಕ್ಷಣ ಬೇಕಾಯಿತು. ಇವರು ದಿನಾ ಕುಡಿಯುವವರೇನಲ್ಲ. ಮದುವೆ, ಮುಂಜಿ, ಸ್ನೇಹಿತರ ಬೀಳ್ಕೊಡುಗೆ ಎಂದು ಒಂದೆರಡು ಪೆಗ್ ಹಾಕಿ, ಬಾಯಿಗೆ ಏಲಕ್ಕಿ ಹಾಕಿಕೊಂಡು ಮನೆಗೆ ಬಂದು, ನನಗೆ ಗೊತ್ತಾಗಿಲ್ಲ ಅಂದುಕೊಂಡು ಮಲಗುವವರು. ನನಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು.

ಹಾಗಾಗಿ ಒಂದು ದಿನ ಇವರು ಎರಡು ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿ, "ಟೀಚರಮ್ಮ, ನಮ್ ಜಿಲ್ಲೇಲಿ ವೈನ್ ದ್ರಾಕ್ಷಿ ಬೆಳೀತಾರಲ್ಲ, ಆ ತೋಟಗಳನ್ನೆಲ್ಲ ಸುತ್ಕೊಂಡು ಬರೋಣ" ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಮಾವಿನ ತೋಪು ಇಲ್ಲವೇ? ಹಿಪ್ಪುನೇರಳೆ ಇಲ್ಲವೇ? ಟೊಮೆಟೊ ಇಲ್ಲವೇ? ನಡೆಯಲು ಹೇಳಿದ ಡಾಕ್ಟರ ಮಾತಿಗೂ ವೈನಿಗೂ ಏನು ಸಂಬಂಧ? ಇವರು ಮಣ್ಣು, ಹುಳಿ, ಸಿಹಿ ಎಂದು ಪ್ರಯೋಗಾಲಯದ ಭಾಷೆಯಲ್ಲಿ ಏನೇನೋ ವಿವರಿಸಿದರು. ನಾನು ಒಪ್ಪಿದೆ. ಒಬ್ಬರನ್ನೇ ಕಳಿಸುವುದಕ್ಕಿಂತ ಜೊತೆಗಿದ್ದು ಕಾಯುವುದು ಮೇಲು ಎಂಬುದು ನನ್ನ ಲೆಕ್ಕಾಚಾರ.

ಮೊದಲ ಭಾನುವಾರಗಳು ಮಾಲೂರು ಕಡೆಗೆ ಹೋದವು. ಆಮೇಲೆ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಮುಳಬಾಗಿಲು ಕಡೆಗೆ. ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಸೈಕಲ್ ತುಳಿದದ್ದು, ತಾಯಲೂರಿನ ಆಚೆ ರಾಗಿ ಹೊಲದ ಬದುವಿನಲ್ಲಿ ಅದನ್ನು ತಳ್ಳಿಕೊಂಡು ನಡೆದದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟವು. ಅದನ್ನು ಇವರಿಗೆ ಹೇಳಲಿಲ್ಲ ಅಷ್ಟೆ. ವೈನ್ ದ್ರಾಕ್ಷಿ ಅಂದರೆ ನಾವು ಮಾರ್ಕೆಟ್ಟಿನಲ್ಲಿ ಕೊಳ್ಳುವ ದ್ರಾಕ್ಷಿಯಲ್ಲ. ಬಟಾಣಿ ಗಾತ್ರದ ಕಾಯಿ, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. ಒಂದು ತಿಂದು ನೋಡಿ, ಇದನ್ನು ತಿನ್ನಲಾಗುವುದಿಲ್ಲ ಅಂತಲೇ ಕುಡಿಯುತ್ತಾರೆ ಎಂದೆ. ಇವರು ಬಿದ್ದು ಬಿದ್ದು ನಕ್ಕರು. ಅದೇ ದಿನ ತಾಯಲೂರಿನ ತೋಟದಲ್ಲಿ ಕಾಲುಗಂಟೆ ಕಾಣೆಯಾಗಿ, ಏಲಕ್ಕಿ ಅಗಿಯುತ್ತ ಬಂದರು. "ಬಾಯಿ ಊದಿ" ಅಂದೆ. "ಹಾಲ್ ಟಿಕೆಟ್ಟೂ ತೋರಿಸ್ಲಾ ಟೀಚರಮ್ಮ?" ಅಂದರು. ಊದಲಿಲ್ಲ.

ಇಷ್ಟನ್ನು ನೀವು ತಿಳಿದಿರಬೇಕು. ಆ ಬೆಳಿಗ್ಗೆ ನಾನು ಯಾವ ಮನಸ್ಸಿನಲ್ಲಿದ್ದೆ ಎಂಬುದು ಇಲ್ಲವಾದರೆ ಅರ್ಥವಾಗುವುದಿಲ್ಲ.

ಎರಡು ವರ್ಷದ ಹಿಂದಿನ ಸಂಕ್ರಾಂತಿಗೆ ಯಲ್ದೂರಿಗೆ, ನನ್ನ ನಾದಿನಿ ಸರೋಜಳ ಮನೆಗೆ ಹೋಗಿದ್ದೆವು. ಹಬ್ಬದ ಮಾರನೆಯ ದಿನ ಕನುಮ. ಆ ಕಡೆ ಅಂದು ದನಗಳಿಗೂ ಕೂಲಿಯವರಿಗೂ ಬಿಡುವು. ಊರಿಂದ ಐದಾರು ಕಿಲೋಮೀಟರ್ ಆಚೆ ಮಾವಿನ ತೋಪುಗಳ ಮಧ್ಯೆ ಒಂದು ವೈನ್ ದ್ರಾಕ್ಷಿ ತೋಟ ಇದೆ ಎಂದು ಇವರಿಗೆ ಯಾರೋ ಹೇಳಿದ್ದರು. ತಿಂಡಿ ಮುಗಿಸಿ ಸೈಕಲ್ ಹತ್ತಿದೆವು. ಬಿಸಿಲು ಹಿತವಾಗಿತ್ತು. ಇವರು ಏರಿನಲ್ಲೂ ನನಗಿಂತ ಮುಂದೆ ಹೋಗುತ್ತಿದ್ದರು, ಹಳೆಯ ಯಾವುದೋ ತೆಲುಗು ಹಾಡನ್ನು ಗುನುಗುತ್ತಿದ್ದರು. ಬೆಳಗಿನ ಮಾತ್ರೆ ತೆಗೆದುಕೊಂಡಿರಾ ಎಂದು ನಾನು ಕೇಳಿದ್ದೆ, ಹೂಂ ಅಂದಿದ್ದರು.

ತೋಟದ ಗೇಟಿನಲ್ಲಿ ಮೇಸ್ತ್ರಿ ಮುನಿವೆಂಕಟಪ್ಪ ಒಬ್ಬನೇ ಇದ್ದ. ಅರವತ್ತರ ಆಸುಪಾಸಿನ, ತಲೆಗೆ ಟವೆಲ್ ಸುತ್ತಿದ, ನಿಧಾನದ ಮನುಷ್ಯ. "ಇವತ್ತು ಕನುಮ ಕಣಮ್ಮ, ಒಂದಾಳೂ ಬಂದಿಲ್ಲ. ನೀವು ನೋಡ್ಕೊಂಡು ಬನ್ನಿ. ಹಣ್ಣಿಗೆ ಮಾತ್ರ ಬಾಯಾಕ್ಬೇಡಿ, ಔಷ್ದಿ ಹೊಡ್ದಿದೀವಿ" ಅಂದ. ಸೈಕಲ್‌ಗಳನ್ನು ಅವನ ಕೊಠಡಿಯ ಗೋಡೆಗೆ ಒರಗಿಸಿ ಒಳಗೆ ನಡೆದೆವು. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಬಳ್ಳಿಗಳನ್ನು ಸಾಲುಸಾಲಾಗಿ ಹಬ್ಬಿಸಿದ್ದರು. ಗೊಂಚಲುಗಳಿಗೆ ಆಗಷ್ಟೇ ಬಣ್ಣ ಬರುತ್ತಿತ್ತು. ಒಂದು ಸಾಲಿನಲ್ಲಿ ನಿಂತರೆ ಪಕ್ಕದ ಸಾಲು ಕಾಣದಷ್ಟು ಎಲೆ.

ನೂರು ಹೆಜ್ಜೆ ಹೋದಮೇಲೆ ದಾರಿ ಎರಡಾಗುತ್ತದೆ. ಎಡಕ್ಕೆ ಸ್ವಲ್ಪ ದಿಬ್ಬದ ಮೇಲೆ ಹೆಂಚಿನ ಒಂದು ಕಟ್ಟಡ. ಬಂದವರಿಗೆ ವೈನ್ ರುಚಿ ತೋರಿಸುವ ಜಾಗ ಅದು ಎಂದು ಬಾಗಿಲಿನ ಬೋರ್ಡೇ ಹೇಳುತ್ತಿತ್ತು. ಬಲಕ್ಕೆ ಇಳಿದರೆ ಕೃಷಿಹೊಂಡ, ಪಂಪು. ಆ ಕವಲಿಗೆ ಬರುವ ಮೊದಲೇ ನನ್ನ ಚಪ್ಪಲಿಗೆ ಜಾಲಿಮುಳ್ಳು ಹೊಕ್ಕಿತು. ಅದನ್ನು ಕೀಳಲು ಕಲ್ಲಿನ ಮೇಲೆ ಕೂತೆ. ಇವರು "ಬಾ ನಿಧಾನಕ್ಕೆ" ಎಂದು ಮುಂದೆ ಹೋದರು. ಮುಳ್ಳು ಅರ್ಧಕ್ಕೆ ಮುರಿದು ಸತಾಯಿಸಿತು. ಕವಲಿನ ಹತ್ತಿರ ಬಂದಾಗ ಇವರು ಎಲ್ಲೂ ಕಾಣಲಿಲ್ಲ.

ಕೂಗಬೇಕು ಅನ್ನುವಷ್ಟರಲ್ಲಿ ಆ ದನಿ ಕೇಳಿತು.

ಹೆಂಗಸಿನ ದನಿ. ಸ್ವಲ್ಪ ಒಡೆದ ದನಿ, ವಯಸ್ಸಾದವಳದ್ದು. ಪಿಸುಮಾತಲ್ಲ, ಕೂಗೂ ಅಲ್ಲ, ಎದುರಿಗೆ ಕೂತವರ ಜೊತೆ ಮಾತಾಡುವಷ್ಟೇ ಎತ್ತರ. "ಕುಡಿ," ಅಂದಿತು. ಸ್ವಲ್ಪ ತಡೆದು, "ಇಂ... ಕೊಂಚಂ," ಅಂದಿತು. ಮತ್ತೆ, "ಕುಡಿ."

ನಾನು ಕನ್ನಡದ ಟೀಚರು. ಕುಡಿ ಎಂಬ ಒಂದು ಪದಕ್ಕೆ ಬಳ್ಳಿಯ ಚಿಗುರು, ವಂಶದ ಕುಡಿ, ಕುಡಿನೋಟ ಎಂದು ಬೋರ್ಡಿನ ತುಂಬ ಅರ್ಥ ಬರೆಯಬಲ್ಲವಳು. ಆ ಹೊತ್ತಿಗೆ ಮಾತ್ರ ಒಂದೇ ಅರ್ಥ ಹೊಳೆಯಿತು. ಈ ಕಡೆಯವರು ಒಂದೇ ವಾಕ್ಯದಲ್ಲಿ ಕನ್ನಡ ತೆಲುಗು ಎರಡನ್ನೂ ಕಲಸುತ್ತಾರೆ. ಕುಡಿ, ಇನ್ನೊಂಚೂರು, ಕುಡಿ. ಯಾವಳೋ ಒಬ್ಬಳು ನನ್ನ ಗಂಡನಿಗೆ ಲೋಟ ತುಂಬಿ ತುಂಬಿ ಕೊಡುತ್ತಿದ್ದಾಳೆ!

ಒಂದಾಳೂ ಬಂದಿಲ್ಲ ಎಂದು ಮೇಸ್ತ್ರಿ ಹೇಳಿದ್ದು ಸುಳ್ಳು, ಮುಳ್ಳಿನ ನೆಪದಲ್ಲಿ ಇವರು ನನ್ನನ್ನು ಹಿಂದೆ ಬಿಟ್ಟದ್ದು ಉಪಾಯ, ಎಲ್ಲರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಕೂಗಲಿಲ್ಲ. ಕಾಪಿ ಹೊಡೆಯುವ ಹುಡುಗನ ಬೆನ್ನಹಿಂದೆ ಹೋಗುವಾಗ ಹೇಗೆ ಹೋಗುತ್ತಿದ್ದೆನೋ ಹಾಗೆ, ಸದ್ದಿಲ್ಲದೆ, ಎಡಗಡೆಯ ದಿಬ್ಬ ಹತ್ತಿದೆ. ಕಟ್ಟಡಕ್ಕೆ ಬೀಗ ಹಾಕಿತ್ತು. ಬೀಗದ ಮೇಲೆ ಧೂಳು. ಹಿಂದೆ ಹೋಗಿ ನೋಡಿದೆ, ಕಿಟಕಿಗಳೂ ಮುಚ್ಚಿದ್ದವು.

ಅಲ್ಲಿ ನಿಂತಿದ್ದಾಗ ದನಿ ಇನ್ನೊಂದು ಸಲ ಕೇಳಿತು. ಅದೇ ಮೂರು ಮಾತು. ನಾನು ಎಪ್ಪತ್ತು ಎಂಬತ್ತು ಹೆಜ್ಜೆ ದೂರ ಬಂದಿದ್ದೆ, ಆದರೆ ದನಿ ದೂರವೂ ಆಗಿರಲಿಲ್ಲ, ಹತ್ತಿರವೂ ಆಗಿರಲಿಲ್ಲ. ಇದು ಸರಿಯಿಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳಿದ್ದು ನಿಜ. ಸಿಟ್ಟಿನಲ್ಲಿದ್ದವಳಿಗೆ ಅದನ್ನು ಕೇಳುವ ತಾಳ್ಮೆ ಇರಲಿಲ್ಲ. ಕುಡಿಯಲಿ, ಎಷ್ಟು ಬೇಕೋ ಅಷ್ಟು ಕುಡಿಯಲಿ, ಈ ದಾರಿಯಲ್ಲೇ ತಾನೆ ವಾಪಸ್ ಬರಬೇಕು ಅಂದುಕೊಂಡು ಕಟ್ಟಡದ ಮುಂದಿನ ಕಲ್ಲುಬೆಂಚಿನ ಮೇಲೆ ಕೂತೆ. ಕೈಕಟ್ಟಿಕೊಂಡು ಕೂತೆ. ಏನೇನು ಬೈಯಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೂತಾಗೊಮ್ಮೆ, ಏಳುವಾಗೊಮ್ಮೆ ಫೋನಿನಲ್ಲಿ ಸಮಯ ನೋಡಿದ್ದೆ: ಇಪ್ಪತ್ತೆರಡು ನಿಮಿಷ. ದನಿ ಮತ್ತೆ ಕೇಳಿಸಲಿಲ್ಲ.

ಮೇಸ್ತ್ರಿ ಮಜ್ಜಿಗೆ ಇದ್ದ ಚೊಂಬು ಹಿಡಿದುಕೊಂಡು ದಿಬ್ಬ ಹತ್ತಿ ಬಂದ. "ಸಾರ್ ಎಲ್ಲಮ್ಮ?" ಅಂದ. "ನೀನೇ ಹೇಳಪ್ಪ," ಅಂದೆ. ಅವನು ನನ್ನ ಮುಖ ನೋಡಿ ಬೆಪ್ಪಾದ. ಅವನ ಕಣ್ಣು ನೋಡಿದಾಗ, ಇವನು ಸುಳ್ಳು ಹೇಳುವವನಲ್ಲ ಎಂದು ನನಗೆ ತಟ್ಟನೆ ಗೊತ್ತಾಯಿತು. ಇಬ್ಬರೂ ಕೂಗುತ್ತ ಕವಲಿಗೆ ಓಡಿದೆವು. ಬಲದಾರಿಯಲ್ಲಿ ಇಳಿದು, ಒಂದು ಸಾಲು ದಾಟಿ, ಎರಡು ದಾಟಿ, ಅವನು ಬಲಕ್ಕೆ ಬಗ್ಗಿ ನೋಡಿ "ಅಯ್ಯೋ ಸ್ವಾಮಿ" ಅಂದ.

ಇವರು ಬಳ್ಳಿಯ ಬುಡದಲ್ಲಿ ಬಲಮಗ್ಗುಲಾಗಿ ಬಿದ್ದಿದ್ದರು. ಕಣ್ಣು ತೆರೆದಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ ಜೊಲ್ಲು ಇಳಿಯುತ್ತಿತ್ತು. ಏನೋ ಹೇಳಲು ಹೋದರು, ಗೊರಗೊರ ಅಂತ ಸದ್ದು ಬಂತಷ್ಟೆ. ಆ ಕ್ಷಣ ನಾನು ಏನು ಮಾಡಿದೆ ಎಂದು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಾನು ಬಗ್ಗಿ ಅವರ ಭುಜ ಅಲ್ಲಾಡಿಸಿ, "ಎಷ್ಟು ಕುಡಿದಿದ್ದೀರಿ?" ಅಂದೆ.

ಮೇಸ್ತ್ರಿ ನನಗಿಂತ ಬುದ್ಧಿವಂತ. "ಕುಡ್ದಿರೋದಲ್ಲಮ್ಮ, ಲಕ್ವ ಹೊಡ್ದೈತೆ" ಅಂದು ಗೇಟಿನ ಹತ್ತಿರ ನಿಂತಿದ್ದ ಟೊಮೆಟೊ ಸಾಗಿಸುವ ಟೆಂಪೋ ತಂದ. ಶ್ರೀನಿವಾಸಪುರದ ಆಸ್ಪತ್ರೆಯಲ್ಲೂ ನಾನು ಬುದ್ಧಿ ಕಲಿಯಲಿಲ್ಲ. ಡಾಕ್ಟರು ಏನಾಯಿತು ಅಂದಾಗ, "ವೈನ್ ಕುಡಿದಿರಬೇಕು" ಅಂದೆ. ಅವರು ಬಗ್ಗಿ ಇವರ ಬಾಯಿ ಮೂಸಿ ನೋಡಿ, ತಲೆ ಅಲ್ಲಾಡಿಸಿ, "ಇವರು ಏನೂ ಕುಡಿದಿಲ್ಲಮ್ಮ. ಯಾವಾಗ ಬಿದ್ದರು, ಅದನ್ನ ಹೇಳಿ" ಅಂದರು. ನನಗೆ ಹೇಳಲಾಗಲಿಲ್ಲ. ಅಲ್ಲಿಂದ ಕೋಲಾರ. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋಗಿದ್ದವು. ಆ ಇಪ್ಪತ್ತೆರಡು ನಿಮಿಷ ಮೊದಲು ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೋಲಾರದ ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯವರು, ಹೇಳಲು ಬರುವುದಿಲ್ಲ ಅಂದರು. ಅದಕ್ಕಿಂತ ಬೈದಿದ್ದರೆ ವಾಸಿಯಾಗಿತ್ತು.

ಸರೋಜ ನಮ್ಮ ಜೊತೆ ಬಂದು ನಿಂತಳು. ಮೂರು ವಾರ ಇವರ ಬಾಯಿಂದ ಒಂದು ಮಾತು ಬರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಮುಖ ದಿಟ್ಟಿಸಿ ನೋಡುತ್ತ, ಒಂದೊಂದೇ ಅಕ್ಷರ ಎತ್ತಿಡುವವರಂತೆ, "ನೇನು... ತಾಗಲೇದು" ಅಂದರು. ಮಾತು ಬಂತಲ್ಲ ಎಂದು ನನಗೆ ಅಳು ನಗು ಒಟ್ಟಿಗೆ ಬಂದವು. ಬಿದ್ದಾಗ ಕಲ್ಲು ತಾಗಲಿಲ್ಲ ಎಂದು ಹೇಳುತ್ತಿದ್ದಾರೆ ಅಂದುಕೊಂಡು, "ಹೌದು ಕಣ್ರೀ, ಎಲ್ಲೂ ತಾಗಿಲ್ಲ, ಗಾಯ ಇಲ್ಲ" ಎಂದು ಸಮಾಧಾನ ಮಾಡಿದೆ. ಇವರು ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಅಂದರು, ಮತ್ತೆ ಅಂದರು, ಕಣ್ಣಲ್ಲಿ ನೀರು ತುಂಬಿತು. ಅಡುಗೆಮನೆಯಿಂದ ಬಂದ ಸರೋಜ ಬಾಗಿಲಲ್ಲೇ ನಿಂತುಬಿಟ್ಟಳು. "ಅತ್ಗೆ, ತಾಗೋದು ಅಂದ್ರೆ ನಮ್ ತೆಲುಗಲ್ಲಿ ಕುಡಿಯೋದು. ಅಣ್ಣ ಕುಡೀಲಿಲ್ವಂತೆ. ಅದನ್ನೇ ಹೇಳ್ತಾ ಇರೋದು" ಅಂದಳು.

ಮೂರು ವಾರ ಅವರು ಆ ಒಂದು ಉತ್ತರವನ್ನು ಬಾಯೊಳಗೇ ಇಟ್ಟುಕೊಂಡಿದ್ದರು. ನಾನು ಅವತ್ತು ಅವರ ಕಾಲು ಹಿಡಿದುಕೊಂಡು ಅತ್ತೆ.

ಆಮೇಲೆ ಮಾತು ಸ್ವಲ್ಪ ಸ್ವಲ್ಪ ಬಂತು. ಆದರೆ ತೆಲುಗು ಮಾತ್ರ. ನಲವತ್ತು ವರ್ಷ ಕಾಲೇಜಿನಲ್ಲಿ, ಇಪ್ಪತ್ತೇಳು ವರ್ಷ ನನ್ನ ಜೊತೆಯಲ್ಲಿ ಆಡಿದ ಕನ್ನಡ ಅಳಿಸಿಹೋಗಿತ್ತು. ಕನ್ನಡದಲ್ಲಿ ಹೇಳಿದರೆ ಅರ್ಧಂಬರ್ಧ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಹೀಗೆ ಆಗುವುದುಂಟು, ತಾಯಿಭಾಷೆ ಮೊದಲು ಮರಳುವುದುಂಟು ಎಂದು ಡಾಕ್ಟರು ಹೇಳಿದರು. ಸರೋಜ ಎಷ್ಟು ದಿನ ಅಂತ ಮನೆ ಬಿಟ್ಟು ನಮ್ಮ ಮಧ್ಯೆ ಕೂತು ತೆಲುಗನ್ನು ಕನ್ನಡವಾಗಿ, ಕನ್ನಡವನ್ನು ತೆಲುಗಾಗಿ ಹೇಳಿಯಾಳು? ನಾನು ದೀರ್ಘ ರಜೆ ಹಾಕಿ, ಎಕ್ಸರ್‌ಸೈಜ್ ಪುಸ್ತಕದಲ್ಲಿ ಗೆರೆ ಎಳೆದು ಎಡಕ್ಕೆ ತೆಲುಗು, ಬಲಕ್ಕೆ ಕನ್ನಡ ಬರೆದುಕೊಂಡು ಕಲಿಯತೊಡಗಿದೆ. ಇಪ್ಪತ್ತೇಳು ವರ್ಷದ ಹಟ ಒಂದು ವಾರದಲ್ಲಿ ಕರಗಿತು.

ಹಾಗೆ ಕಲಿಯುತ್ತಿದ್ದ ಒಂದು ಬೆಳಿಗ್ಗೆ, ಸರೋಜ ಇವರಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದೆ. "ಕುಡಿ ಚೆಯ್ಯಿ ಎತ್ತನ್ನಾ," ಅಂದಳು. ನನ್ನ ಕೈ ನಿಂತಿತು. "ಏನಂದೆ?" ಅಂದೆ. "ಬಲಗೈ ಎತ್ತು ಅಂದೆ ಅತ್ಗೆ. ಕುಡಿ ಅಂದ್ರೆ ಬಲ. ಇಷ್ಟ್ ವರ್ಷ ಆದ್ರೂ ಗೊತ್ತಿಲ್ವಾ?" ಎಂದು ನಕ್ಕಳು. ಹೇಗೆ ಗೊತ್ತಿರಬೇಕು? ಆಟೋದವರಿಂದ ಹಿಡಿದು ಇವರವರೆಗೆ ಎಲ್ಲರೂ ನನ್ನ ಕಿವಿಗೆ ಹೇಳಿದ್ದು ಲೆಫ್ಟು, ರೈಟು. ಅವಳು ಇನ್ನೂ ನಗುತ್ತ, ಮದುವೆಯ ದಿನ ಹೊಸಿಲಲ್ಲಿ ನಮ್ಮತ್ತೆ ನನಗೆ "ಕುಡಿ ಕಾಲು, ಕುಡಿ ಕಾಲು" ಅಂದಿದ್ದು, ನಾನು ಬಲಗಾಲಿಡುವ ಬದಲು ಕುಡಿಯಲು ಹಾಲು ಕೊಡುತ್ತಾರೆ ಎಂದು ಕೈಚಾಚಿ ನಿಂತಿದ್ದು, ಹೆಂಗಸರೆಲ್ಲ ನಕ್ಕಿದ್ದು ಹೇಳಿದಳು. ಆ ನಗು ನನಗೆ ಚೆನ್ನಾಗಿ ನೆನಪಿತ್ತು. ಯಾಕೆ ನಕ್ಕರು ಎಂದು ಮಾತ್ರ ಆವತ್ತೇ ಗೊತ್ತಾದದ್ದು.

ಆದರೆ ನಾನು ಅದನ್ನೆಲ್ಲ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನನ್ನ ಕಿವಿಯಲ್ಲಿ ತೋಟದ ದನಿ ಇತ್ತು. ಬಲಕ್ಕೆ. ಇನ್ನೊಂಚೂರು. ಬಲಕ್ಕೆ. ಅದು ಯಾರಿಗೂ ಕುಡಿಸುತ್ತಿರಲಿಲ್ಲ. ನನಗೆ ದಾರಿ ಹೇಳುತ್ತಿತ್ತು. ನಾನು ಎಡಕ್ಕೆ ಹೋದೆ.

ಯಾರ ದನಿ? ಅನುಮಾನದ ಪ್ರಾಣಿಗೆ ಇದಕ್ಕಿಂತ ದೊಡ್ಡ ಕೆಲಸ ಬೇಕೇ? ಮಾರನೆಯ ವಾರವೇ ಯಲ್ದೂರಿನ ಬಸ್ ಹಿಡಿದು, ಊರಲ್ಲಿ ಸೈಕಲ್ ಪಡೆದು ಒಬ್ಬಳೇ ಆ ತೋಟಕ್ಕೆ ಹೋದೆ. ಮುನಿವೆಂಕಟಪ್ಪನನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಪ್ರಶ್ನೆ ಮಾಡಿದೆ. "ಆಣೆಗೂ ಒಬ್ಬ ಹೆಣ್ಣಾಳೂ ಇರ್ಲಿಲ್ಲಮ್ಮ. ಬಳ್ಳಿ ಕುಡಿ ಚಿವುಟೋವಾಗ ಹೆಂಗಸ್ರು ಕುಡಿ ಕುಡಿ ಅಂತಾರೆ, ಆದ್ರೆ ಆ ಕೆಲ್ಸ ತಿಂಗಳ ಮುಂಚೇನೇ ಮುಗ್ದಿತ್ತು" ಅಂದ. ಕವಲಿನಿಂದ ನಾನೇ ಹೆಜ್ಜೆ ಹಾಕಿ ನೋಡಿದೆ. ಬಲಕ್ಕೆ ತಿರುಗಿ, ಇನ್ನೊಂಚೂರು ಇಳಿದು, ಬಲಕ್ಕೆ ತಿರುಗಿದರೆ ಅದೇ ಸಾಲು. ಒಟ್ಟು ಮೂವತ್ತೊಂದು ಹೆಜ್ಜೆ.

ಹೆಂಗಸಿನ ದನಿಯೇ ನಿಜ, ಆದರೂ ಇವರೇ ಬಲಗೈ ಬಿದ್ದುಹೋಗಿದೆ ಎಂದು ಹೇಳುತ್ತಿದ್ದರೇ? ಡಾಕ್ಟರನ್ನು ಕೇಳಿದೆ, ಆ ಹೊತ್ತಿನಲ್ಲಿ ಇವರಿಗೆ ಒಂದು ಪದವೂ ಹೊರಡುತ್ತಿರಲಿಲ್ಲ ಅಂದರು. ಕಲಿತ ತೆಲುಗಿನಲ್ಲಿ ಇವರನ್ನೂ ಕೇಳಿದೆ, ನನ್ನನ್ನು ಕರೆದಿರಾ ಎಂದು. "ನೇನು ಪಿಲವಲೇದು," ಕರೆಯಲಿಲ್ಲ ಅಂದರು. ಇನ್ನು ಉಳಿದವರು ತೀರಿಹೋಗಿ ಹನ್ನೆರಡು ವರ್ಷವಾದ ನಮ್ಮತ್ತೆ. ಹೊಸಿಲಲ್ಲಿ ಆ ಪದ ಹೇಳಿದ್ದು ಅವರೇ ಅಲ್ಲವೇ? ನಾಚಿಕೆ ಬಿಟ್ಟು ಸರೋಜಳಿಗೆ ಎಲ್ಲ ಹೇಳಿ, ದನಿ ಹೇಗಿತ್ತೋ ಹಾಗೇ ಅಂದು ತೋರಿಸಿದೆ. ಅವಳು ಮೂಗು ಮುರಿದಳು. "ನಮ್ಮಮ್ಮ ಅಲ್ಲ ಬಿಡಿ ಅತ್ಗೆ. ನಮ್ ಕಡೆಯೋರು ಯಾರೂ ಹಂಗನ್ನಲ್ಲ. ಇಂಕೊಂಚಂ ಅಂತ ಒಂದೇ ಉಸಿರಿಗೆ ಅಂತೀವಿ. ಇಂ... ಕೊಂಚಂ ಅಂತ ಮುರಿದು ಮುರಿದು ಯಾರ್ ಹೇಳ್ತಾರೆ? ಯಾರೋ ಬೇರೆ ಸೀಮೆಯೋಳು" ಅಂದಳು. ಬೇರೆ ಸೀಮೆಯವಳು ಆ ತೋಟಕ್ಕೆ ಯಾಕೆ ಬಂದಳು, ಇವರು ಬಿದ್ದ ಜಾಗ ಅವಳಿಗೆ ಹೇಗೆ ಗೊತ್ತು, ಕಂಡವಳು ಓಡಿ ಬಂದು ಕೈಹಿಡಿದು ಎಳೆಯಬಾರದಿತ್ತೇ? ನನ್ನ ತನಿಖೆ ಅಲ್ಲಿಗೆ ನಿಂತಿತು.

ಸರೋಜ ಊರಿಗೆ ಹೋದಳು. ವ್ಯಾಯಾಮ ನನ್ನ ಪಾಲಿಗೆ ಬಂತು. ವಾರಕ್ಕೆ ಮೂರು ದಿನ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಕಳೆದ ವರ್ಷ ಮಳೆಗಾಲದಲ್ಲಿ ತನ್ನ ಅಕ್ಕನ ಮದುವೆಗೆ ರಜೆ ಹಾಕಿದಳು. "ಆಂಟಿ, ದಿನಾ ಮಾಡ್ಸಿ. ಒಂದ್ ವಿಡಿಯೋ ಮಾಡಿ ಕಳ್ಸಿ, ಸರಿ ಇದ್ಯಾ ನೋಡ್ತೀನಿ" ಅಂದಿದ್ದಳು. ಬೆಳಿಗ್ಗೆ ತಿಂಡಿ ಆದಮೇಲೆ ಫೋನನ್ನು ಕಿಟಕಿಯ ಮೇಲೆ ಒರಗಿಸಿಟ್ಟು ಇವರ ಕೈ ಎತ್ತಿಸಿದೆ, ಇಳಿಸಿದೆ. ಕಳಿಸುವ ಮೊದಲು ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಕಿ ನೋಡಿದೆ. ಚಿತ್ರದಲ್ಲಿ ನನ್ನ ಮುಖ ಇರಲಿಲ್ಲ, ನಡುಗುತ್ತ ಮೇಲೇಳುವ ಇವರ ಕೈ ಮಾತ್ರ ಇತ್ತು. ಅದರ ಹಿಂದೆ ನನ್ನ ದನಿ.

"ಕುಡಿ. ಇಂ... ಕೊಂಚಂ. ಕುಡಿ."

ನನ್ನ ದನಿ ಹೊರಗಿನವರಿಗೆ ಅಷ್ಟು ಒಡೆದು ಕೇಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಉಕ್ತಲೇಖನ ಹೇಳಿ ಹೇಳಿ, ಪದವನ್ನು ಮುರಿದು ಹೇಳುವ ಅಭ್ಯಾಸ ಬಿದ್ದುಹೋಗಿದೆ ಎಂಬುದೂ ಆವತ್ತೇ ಗಮನಕ್ಕೆ ಬಂದದ್ದು. ತೋಟದಲ್ಲಿ ಕೇಳಿದ್ದು ಇದೇ. ಇಂಥದ್ದೇ ಅಲ್ಲ, ಇದೇ. ಆದರೆ ಆ ಬೆಳಿಗ್ಗೆ ನನಗೆ ಆ ಪದದ ಅರ್ಥವೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾತನ್ನು ನಾನು ಹೇಗೆ ಆಡಿದೆ?

ಅಡ್ಡಪ್ರಶ್ನೆಯ ಬುದ್ಧಿ ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ನೆನಪು ಮೋಸಗಾರ, ದಿನಾ ಆಡುವ ಮಾತು ಹಳೆಯ ಮಾತಿನ ಮೇಲೆ ಹೋಗಿ ಕೂತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಹಾಕಿದೆ, ಸ್ವಲ್ಪ ಜೋರಾಗಿ. ಕೋಣೆಯೊಳಗೆ ಮಂಚದ ಮೇಲಿದ್ದ ಇವರಿಗೆ ಅದು ಕೇಳಿಸಿತು. ಇವರು ಮುಖ ತಿರುಗಿಸಿ ನನ್ನನ್ನು ನೋಡಿ ಸೊಟ್ಟಬಾಯಲ್ಲೇ ನಕ್ಕರು. "ಆ ರೋಜು ಕೂಡಾ ಇಟ್ಲೇ ಅನ್ನಾವು," ಅಂದರು. ಆವತ್ತೂ ನೀನು ಹೀಗೇ ಅಂದೆ.

ಆವತ್ತು ಅಂದರೆ ಯಾವತ್ತು ಎಂದು ಕೇಳಿದೆ. ತೋಟದಲ್ಲಿ, ಬಿದ್ದಾಗ ಅಂದರು. ತಡವರಿಸುತ್ತ, ನಿಲ್ಲಿಸಿ ನಿಲ್ಲಿಸಿ, ಪೂರ್ತಿ ಹೇಳಿದರು. ಸರೋಜ ಇರಲಿಲ್ಲ, ಆದರೂ ಒಂದೊಂದು ಮಾತೂ ನನಗೆ ಅರ್ಥವಾಯಿತು. ಬಿದ್ದ ಮೇಲೆ ಕಣ್ಣಿಗೆ ಎಲೆಗಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲವಂತೆ. ಸತ್ತೇಹೋಗುತ್ತೇನೆ ಅಂದುಕೊಂಡರಂತೆ. ಆದರೆ ನಾನು ತಲೆಯ ಹತ್ತಿರವೇ ಕೂತು ಬಲಗೈ ಎತ್ತು, ಇನ್ನೊಂಚೂರು ಎತ್ತು ಎಂದು ಬಿಡದೆ ಹೇಳುತ್ತಿದ್ದೆನಂತೆ. ಮೇಸ್ತ್ರಿ ಬರುವವರೆಗೂ ನಾನು ಪಕ್ಕದಿಂದ ಏಳಲಿಲ್ಲವಂತೆ. ಅದಕ್ಕೇ ಹೆದರಿಕೆ ಆಗಲಿಲ್ಲ ಅಂದರು. ನನಗೆ ತೆಲುಗು ಬರುತ್ತದೆ ಎಂದು ಅವರಿಗೆ ಆವತ್ತೇ ಗೊತ್ತಾಯಿತಂತೆ.

ಇವರಿಗೆ ಹೀಗೆ ಅನ್ನಿಸಿದ್ದು ಹೇಗೆ, ನನಗೆ ಕೇಳಿದ್ದು ಏನು, ನನಗೆ ಇಂದಿಗೂ ತಿಳಿಯದು. ನಿಮಗೆ ತಿಳಿದರೆ ನೀವು ನನಗಿಂತ ಜಾಣರು. ನಾನು ಆಗ ಮಂಚದ ಹತ್ತಿರ ಹೋಗಿ ಅವರ ಬಲಗೈಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಕೂತೆ. ಹೌದು, ಅಲ್ಲೇ ಇದ್ದೆ ಎಂದು ತೆಲುಗಿನಲ್ಲೇ ಅಂದೆ. ಆ ಇಪ್ಪತ್ತೆರಡು ನಿಮಿಷ ನಾನು ದಿಬ್ಬದ ಮೇಲೆ ಕೈಕಟ್ಟಿಕೊಂಡು ಕೂತಿದ್ದೆ ಎಂದು ಅವರಿಗೆ ಇನ್ನೂ ಹೇಳಿಲ್ಲ.